ಮರಳಿ ಬಂದ ಆಟದ ಪೆಟ್ಟಿಗೆ

ಕಾಯುವಿಕೆಯಲ್ಲಿ ಎರಡು ಬಗೆಗಳುಂಟು. ಎಂದೂ ಕಾಣದ ವಸ್ತುವಿಗಾಗಿ ಕಾಯುವುದು ಒಂದು; ಒಮ್ಮೆ ಕಂಡು, ಕೈಯಲ್ಲಿ ಹಿಡಿದು, ಅನಂತರ ಕಾಣದಾದುದಕ್ಕಾಗಿ ಕಾಯುವುದು ಇನ್ನೊಂದು. ಮಡಕಶಿರಾ ಸೀಮೆಯವರಾದ ನಮಗೆ ಈ ಎರಡನೆಯ ಬಗೆಯ ಪರಿಚಯವೇ ಹೆಚ್ಚು. ಹೋದ ವರ್ಷ ಬಂದ ಮಳೆ ಈ ವರ್ಷವೂ ಬರುವುದೋ ಇಲ್ಲವೋ ಎಂದು ಆಕಾಶ ನೋಡುತ್ತಲೇ ಬೆಳೆದವರು ನಾವು. ಆದ್ದರಿಂದ 2014ರ ಸೆಪ್ಟೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಕೆಲವು ಮಂದಿ ನಡುವಯಸ್ಸಿನವರು ಒಂದು ಆಟದ ಪೆಟ್ಟಿಗೆಗಾಗಿ ಹಗಲಿರುಳು ಕಾಯುತ್ತಿದ್ದುದನ್ನು ಕಂಡಾಗ, ಅವರ ಮುಖಭಾವ ನಮಗೆ ಅಪರಿಚಿತವೆನಿಸಲಿಲ್ಲ. ಆ ಕಾಯುವಿಕೆಯ ಕಥೆಯನ್ನು ಸಂಘದ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ನಿವೃತ್ತಿಯ ಬಳಿಕ ನಾವು ದಂಪತಿ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದುಬರಲು ಅಲ್ಲಿಗೆ ಹೋಗಿದ್ದೆವು. ಪ್ರತಿ ಶನಿವಾರ ಸಂಜೆ ಮಗನ ಗೆಳೆಯರು ಐದಾರು ಮಂದಿ ಅವನ ಮನೆಯಲ್ಲಿ ಸೇರುತ್ತಿದ್ದರು. ಅವರಲ್ಲಿ ಒಬ್ಬರು ಅಂಚೆ ಬಟವಾಡೆ ಮಾಡುವವರು, ಒಬ್ಬರು ಶಾಲೆಯಲ್ಲಿ ವಿಜ್ಞಾನ ಕಲಿಸುವವರು, ಇನ್ನೊಬ್ಬರು ಬಸ್ಸಿನ ಚಾಲಕರು. ಊಟದ ಮೇಜನ್ನು ತೆರವು ಮಾಡಿ, ಅದರ ಮೇಲೆ ರಟ್ಟಿನ ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ, ಹೆಬ್ಬೆರಳಿನಷ್ಟು ಎತ್ತರದ ಬೊಂಬೆಗಳನ್ನು ನಿಲ್ಲಿಸಿಕೊಂಡು ನಡುರಾತ್ರಿಯವರೆಗೆ ಆಡುತ್ತಿದ್ದರು. ಆ ವರ್ಷ ಅವರ ಬಾಯಲ್ಲೆಲ್ಲ ಒಂದೇ ಹೆಸರು: ‘ಸ್ಪೇಸ್ ಹಲ್ಕ್’.

1989ರಲ್ಲಿ ಗೇಮ್ಸ್ ವರ್ಕ್‌ಶಾಪ್ ಎಂಬ ಇಂಗ್ಲೆಂಡಿನ ಕಂಪನಿ ಹೊರತಂದ ಮಣೆಯಾಟವಿದು. ರೂಪಿಸಿದವರು ರಿಚರ್ಡ್ ಹ್ಯಾಲಿವೆಲ್. ಕಥೆ ನಡೆಯುವುದು ಬಹುದೂರದ ಭವಿಷ್ಯದಲ್ಲಿ, ನಲವತ್ತೊಂದನೆಯ ಸಹಸ್ರಮಾನದಲ್ಲಿ. ಹಾಳಾದ ಅಂತರಿಕ್ಷ ನೌಕೆಗಳು ಒಂದಕ್ಕೊಂದು ಬೆಸೆದುಕೊಂಡು, ದಿಕ್ಕಿಲ್ಲದೆ ತೇಲುವ ಒಂದು ಮಹಾಭಗ್ನರಾಶಿ. ಅದರ ಕತ್ತಲೆಯ ಓಣಿಗಳೊಳಗೆ ಭಾರವಾದ ಉಕ್ಕಿನ ಕವಚ ತೊಟ್ಟ ಕೆಲವೇ ಯೋಧರು ಕಾಲಿಡುತ್ತಾರೆ. ಇವರಿಗೆ ಟರ್ಮಿನೇಟರ್‌ಗಳೆಂದು ಹೆಸರು. ಆ ಓಣಿಗಳಲ್ಲಿ ಮೊದಲೇ ಬೀಡುಬಿಟ್ಟಿರುವ, ಉಗುರು ಹಲ್ಲುಗಳೇ ಆಯುಧವಾದ ಜೀವಿಗಳು ಜೀನ್‌ಸ್ಟೀಲರ್‌ಗಳು. ಮೊದಲ ಪೆಟ್ಟಿಗೆಯಲ್ಲಿ ಯೋಧರು 10, ಜೀವಿಗಳು 20.

ಇಬ್ಬರು ಆಡುವ ಈ ಆಟದಲ್ಲಿ ಎರಡು ಪಕ್ಷಗಳಿಗೆ ನಿಯಮ ಬೇರೆ ಬೇರೆ. ಯೋಧನಿಗೆ ಒಂದು ಸರದಿಯಲ್ಲಿ ನಾಲ್ಕು ಚಲನೆಗಳ ಶಕ್ತಿ, ಜೀವಿಗೆ ಆರು. ಯೋಧ ಬಂದೂಕಿನಿಂದ ದೂರದಲ್ಲೇ ಹೊಡೆಯಬಲ್ಲ, ಆದರೆ ಹೊಂಚು ಹಾಕಿ ಹೊಡೆಯುವಾಗ ಎರಡು ದಾಳಗಳಲ್ಲಿ ಒಂದೇ ಸಂಖ್ಯೆ ಬಿದ್ದರೆ ಬಂದೂಕು ಸಿಕ್ಕಿಕೊಳ್ಳುತ್ತದೆ. ಜೀವಿ ಮೈಮೇಲೆ ಬಿದ್ದು ಹೋರಾಡುವಾಗ ಅದಕ್ಕೆ ಮೂರು ದಾಳ, ಯೋಧನಿಗೆ ಒಂದೇ. ಕಣ್ಣಿಗೆ ಬೀಳುವವರೆಗೆ ಜೀವಿಗಳು ಮಗುಚಿಟ್ಟ ಬಿಲ್ಲೆಗಳಾಗಿ ಮುಂದುವರಿಯುತ್ತವೆ. ಬಿಲ್ಲೆಯ ಅಡಿಯಲ್ಲಿ ಒಂದಿದೆಯೋ ಮೂರಿವೆಯೋ ಯೋಧರ ಕಡೆಯವನಿಗೆ ತಿಳಿಯದು. ಸಾಲದ್ದಕ್ಕೆ, ಯೋಧರನ್ನು ನಡೆಸುವವನಿಗೆ ಮಾತ್ರ ಕಾಲದ ಮಿತಿ. ಮರಳುಗಡಿಯಾರ ಬರಿದಾದೊಡನೆ ಅವನ ಸರದಿ ಮುಗಿಯಿತು. ಎದುರಾಳಿ ಎಷ್ಟು ಹೊತ್ತಾದರೂ ಯೋಚಿಸಬಹುದು.

ನಾವು ಇದನ್ನು ಎರಡು ವಾರ ನೋಡಿದ ಮೇಲೆ ಮಗ ನಕ್ಕು ಹೇಳಿದ: “ಅಪ್ಪಾ, ಇದು ನಿಮ್ಮ ಆಡು-ಹುಲಿ ಆಟವೇ. ಹುಲಿಯ ಕೈಗೆ ಬಂದೂಕು ಕೊಟ್ಟಿದ್ದಾರೆ, ಅಷ್ಟೆ.” ಮಾತು ದಿಟವೇ. ಮೂರು ಹುಲಿ, ಹದಿನೈದು ಆಡು; ಹುಲಿ ಹಾರಿ ಕೊಲ್ಲುತ್ತದೆ, ಆಡುಗಳು ಸುತ್ತುಗಟ್ಟಿ ಹುಲಿಯನ್ನು ಕಟ್ಟಿಹಾಕುತ್ತವೆ. ನಮ್ಮ ಗಡಿಯ ಆಚೆಯೀಚೆ ತೆಲುಗರು ಅದನ್ನೇ ಪುಲಿ-ಮೇಕ ಎನ್ನುತ್ತಾರೆ, ತಮಿಳರು ಆಡು-ಪುಲಿ ಆಟ್ಟಂ ಎನ್ನುತ್ತಾರೆ. ಚದುರಂಗದಲ್ಲಿ ಎರಡೂ ಸೇನೆಗಳು ಸರಿಸಮ. ಕೆಲವರು ಬಲಶಾಲಿಗಳು ಒಂದು ಕಡೆ, ಹಲವರು ಇನ್ನೊಂದು ಕಡೆ ಎಂಬ ಅಸಮ ಯುದ್ಧದ ಸೊಗಸನ್ನು ದೇವಾಲಯದ ಕಲ್ಲುಹಾಸಿನ ಮೇಲೆ ಗೆರೆ ಕೊರೆದು ಆಡಿದ ನಮ್ಮ ಹಿರಿಯರೂ ಬಲ್ಲರು. ಒಂದು ವ್ಯತ್ಯಾಸವುಂಟು: ನಮ್ಮಲ್ಲಿ ಹಲವರಾದವರು ಸಾಧುಗಳು, ಅಲ್ಲಿ ಹಲವರಾದವರೇ ಕ್ರೂರಿಗಳು.

ನಂಟು ಅಲ್ಲಿಗೇ ನಿಲ್ಲುವುದಿಲ್ಲ. ಈ ಕಂಪನಿಯನ್ನು 1975ರಲ್ಲಿ ಲಂಡನ್ನಿನಲ್ಲಿ ಇಯಾನ್ ಲಿವಿಂಗ್‌ಸ್ಟನ್, ಸ್ಟೀವ್ ಜ್ಯಾಕ್ಸನ್, ಜಾನ್ ಪೀಕ್ ಎಂಬ ಮೂವರು ಗೆಳೆಯರು ಕಟ್ಟಿದರು. ಆಗ ಅವರು ಮಾಡುತ್ತಿದ್ದುದು ಹಳೆಯ ಆಟಗಳಿಗೆ ಬೇಕಾದ ಮರದ ಮಣೆಗಳನ್ನು. ಅವುಗಳಲ್ಲಿ ಒಂದು ಮಂಕಾಲ. ನಮ್ಮ ಅಜ್ಜಿಯರು ಹುಣಸೆಬೀಜ ಹಾಕಿ ಆಡುತ್ತಿದ್ದ ಅಳಗುಳಿಮಣೆಯ ಬಳಗದ್ದು. ಇನ್ನೊಂದು ನೈನ್ ಮೆನ್ಸ್ ಮಾರಿಸ್; ನಮ್ಮ ಸಾಲುಮನೆ ಆಟವೇ ಅದು. ಅಂತರಿಕ್ಷ ಯೋಧರನ್ನು ಎರಕ ಹೊಯ್ಯುವ ಕಂಪನಿಯ ಮೂಲ ಬಂಡವಾಳ ಅಳಗುಳಿಮಣೆಯೆಂದು ತಿಳಿದಾಗ ನಮ್ಮ ಮನೆಯವರು, “ಹಾಗಾದರೆ ನಮ್ಮತ್ತೆಯವರೂ ಇವರ ಸಂಘದ ಸದಸ್ಯರೇ ಅನ್ನಿ” ಎಂದರು.

ಇನ್ನು ಕಾಯುವಿಕೆಯ ವಿಷಯ. ‘ಸ್ಪೇಸ್ ಹಲ್ಕ್’ ಸದಾ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. 1989ರ ಮೊದಲ ಆವೃತ್ತಿ ಮುಗಿದ ಮೇಲೆ 1996ರಲ್ಲಿ ಎರಡನೆಯದು ಬಂತು. ಅದೂ ಕಣ್ಮರೆಯಾಯಿತು. ಆಟಕ್ಕೆ ಇಪ್ಪತ್ತು ವರ್ಷ ತುಂಬಿದ 2009ರಲ್ಲಿ ಮೂರನೆಯ ಆವೃತ್ತಿ ಸೀಮಿತ ಸಂಖ್ಯೆಯಲ್ಲಿ ಬಂದು ಬಹುಬೇಗ ಮಾರಿಹೋಯಿತು. ಆ ಮೇಲೆ ಬೇಕೆನ್ನುವವರು ಹಳೆಯ ಪೆಟ್ಟಿಗೆಗೆ ಮೂಲ ಬೆಲೆಗಿಂತ ಬಹಳ ಹೆಚ್ಚು ತೆರಬೇಕಾಯಿತು. ಐದು ವರ್ಷಗಳ ಅನಂತರ, 2014ರಲ್ಲಿ, ಕೆಲವು ಹೊಸ ಕಾರ್ಯಾಚರಣೆಗಳೊಡನೆ ಅದು ಮತ್ತೆ ಬರುವುದೆಂಬ ಸುದ್ದಿ ಹಬ್ಬಿತು.

ಆ ದಿನಗಳ ಮಾತುಕತೆಯನ್ನು ಕೇಳಬೇಕಿತ್ತು! ಕಂಪನಿಯ ‘ವೈಟ್ ಡ್ವಾರ್ಫ್’ ಪತ್ರಿಕೆಯ ಒಂದೊಂದು ಚಿತ್ರವನ್ನೂ ನಮ್ಮ ಪಂಡಿತರು ಶಾಸನದ ಅಕ್ಷರವನ್ನು ನೋಡುವಂತೆ ನೋಡುತ್ತಿದ್ದರು. ರಟ್ಟಿನ ದಪ್ಪ ಮೊದಲಿನಷ್ಟೇ ಇರುವುದೋ, ನಿಯಮಗಳನ್ನು ತಿದ್ದಿರುವರೋ, ಬೊಂಬೆಗಳು ಅವೇ ಅಚ್ಚಿನವೋ ಎಂದು ಚರ್ಚೆ. ಎಲ್ಲರಿಗೂ ಸಂತೋಷವೇ ಆಗಿತ್ತೆಂದಲ್ಲ. 2009ರ ಪೆಟ್ಟಿಗೆಯನ್ನು ಮುದ್ರೆಯೊಡೆಯದೆ ಕಪಾಟಿನಲ್ಲಿಟ್ಟಿದ್ದ ಬಸ್ಸಿನ ಚಾಲಕರಿಗೆ, ಅದರ ಬೆಲೆ ಇಳಿಯುವುದಲ್ಲಾ ಎಂಬ ಚಿಂತೆ. ವಿಜ್ಞಾನದ ಮೇಷ್ಟರು ಅವರಿಗೆ, “ಆಡದೆ ಇಟ್ಟ ಆಟ ನಿಮ್ಮದಾದದ್ದು ಯಾವಾಗ?” ಎಂದು ಕೇಳಿದರು. ಚಾಲಕರು ಬೇಸರಿಸದೆ ನಕ್ಕುಬಿಟ್ಟರು.

ನಮ್ಮ ಮನಸ್ಸಿನಲ್ಲಿ ಉಳಿದವರು ಅಂಚೆಯವರು. 1989ರಲ್ಲಿ ಶಾಲಾಬಾಲಕನಾಗಿದ್ದಾಗ ಅಣ್ಣನೊಡನೆ ಹಣ ಕೂಡಿಸಿ ಅವರು ಮೊದಲ ಪೆಟ್ಟಿಗೆ ಕೊಂಡಿದ್ದರು. ಅಣ್ಣ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಮೇಲೆ ಪೆಟ್ಟಿಗೆ ಇತ್ತು, ಎದುರಾಳಿ ಇರಲಿಲ್ಲ. 2009ರಲ್ಲಿ ಹೊಸ ಆವೃತ್ತಿ ಬಂದಾಗ ಅವರಿಗೆ ಕೆಲಸವಿರಲಿಲ್ಲ. ಕೊಳ್ಳುವ ಮಾತೇ ಬರಲಿಲ್ಲ. ಆದರೆ ಆ ನಡುವಿನ ವರ್ಷಗಳಲ್ಲಿ ಅವರು ಒಂದು ಕೆಲಸ ಮಾಡಿದ್ದರು. ಅಂಚು ಹರಿದ ಅದೇ ಹಳೆಯ ಓಣಿಗಳಿಗೆ ಕಾಗದ ಅಂಟಿಸಿ, ಕಳೆದುಹೋದ ಬಿಲ್ಲೆಗಳನ್ನು ರಟ್ಟಿನಲ್ಲಿ ಕತ್ತರಿಸಿ, ಕೈ ಮುರಿದ ಬೊಂಬೆಗೆ ಮೇಣ ಮೆತ್ತಿ, ತಮ್ಮ ಮಗನಿಗೆ ಆಟವನ್ನು ಕಲಿಸಿದ್ದರು. ನಾವು ಕಂಡಾಗ ಹುಡುಗನಿಗೆ ಹನ್ನೆರಡು ವರ್ಷ. ಹೊಸ ಪೆಟ್ಟಿಗೆ ಇನ್ನೂ ಬರುವ ಮೊದಲೇ ಅದರ ನಿಯಮಗಳು ಆ ಹುಡುಗನಿಗೆ ಕಂಠಪಾಠವಾಗಿದ್ದವು.

ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ಬಂತು. ಅಂಚೆಯವರು ಅದನ್ನು ಮಗನ ಕೈಯಲ್ಲೇ ಬಿಚ್ಚಿಸಿದರು. ಬೊಂಬೆಗಳು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಅಂಟಿಕೊಂಡಿದ್ದವು. ಒಂದೊಂದನ್ನೂ ಇಕ್ಕುಳದಿಂದ ಬಿಡಿಸಿ, ಮೊನೆಯನ್ನು ಹೆರೆದು, ಭಾಗಗಳನ್ನು ಒತ್ತಿ ಕೂಡಿಸಬೇಕು. ಆಮೇಲೆ ಬಣ್ಣ: ಮೊದಲು ಅಸ್ತರಿ, ಅದರ ಮೇಲೆ ಮೂಲ ಬಣ್ಣ, ಸಂದುಗಳಿಗೆ ತೆಳುಬಣ್ಣದ ನೆರಳು, ಅಂಚುಗಳಿಗೆ ಬೆಳಕಿನ ಗೆರೆ. ನಮ್ಮ ಮನೆಯವರದು ರಂಗೋಲಿಯ ಕೈ. ಅವರೂ ಒಂದು ಜೀವಿಯ ಉಗುರುಗಳಿಗೆ ಬಣ್ಣ ತುಂಬಿದರು. ಹುಡುಗ ಅದನ್ನು ಮುಂದಿನ ಸಾಲಿನಲ್ಲಿಯೇ ನಿಲ್ಲಿಸಿದ. ಮೊದಲ ಆಟದಲ್ಲಿ ತಂದೆ ಯೋಧರ ಕಡೆ, ಮಗ ಜೀವಿಗಳ ಕಡೆ. ತಂದೆಯ ಮರಳು ಮೂರು ಸಲ ನಡುವೆಯೇ ಮುಗಿಯಿತು, ಗೆದ್ದವನು ಮಗ. ಸೋತವರ ಮುಖ ಗೆದ್ದವನ ಮುಖಕ್ಕಿಂತ ಬೆಳಗಿತ್ತು.

ಅದನ್ನು ನೋಡುತ್ತಿದ್ದ ನಮ್ಮ ಮನಸ್ಸು ನಮ್ಮ ಶಾಲೆಗೆ ಹೋಯಿತು. ಗಡಿಯಾಚೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ದುಡಿದವರಿಗೆ ಜೂನ್ ತಿಂಗಳೆಂದರೆ ಏನೆಂದು ಹೇಳಬೇಕಾಗಿಲ್ಲ. ಬಾಗಿಲು ತೆರೆಯುತ್ತದೆ, ಮಕ್ಕಳು ಬರುತ್ತಾರೆ, ಪುಸ್ತಕ ಬರುವುದಿಲ್ಲ. ಒಮ್ಮೊಮ್ಮೆ ಗಣಪತಿ ಹಬ್ಬ ಕಳೆದರೂ ಬಂದದ್ದಿಲ್ಲ. ಆಗ ನಾವು, ನಮ್ಮ ಸಹೋದ್ಯೋಗಿಗಳು, ಹಿಂದಿನ ವರ್ಷದ ಮಕ್ಕಳಿಂದ ಹಳೆಯ ಪುಸ್ತಕಗಳನ್ನು ಬೇಡಿ ತಂದು, ಹರಿದ ಹಾಳೆಗಳಿಗೆ ಅಂಟು ಹಚ್ಚಿ, ಇಲ್ಲದ ಪಾಠಗಳನ್ನು ಕರಿಹಲಗೆಯ ಮೇಲೆ ಪೂರ್ತಿ ಬರೆಯುತ್ತಿದ್ದೆವು. ಮಕ್ಕಳು ನಕಲು ಮಾಡಿಕೊಂಡು ದಾರ ಹಾಕಿ ಹೊಲಿದು ತಮ್ಮದೇ ಪುಸ್ತಕ ಕಟ್ಟಿಕೊಳ್ಳುತ್ತಿದ್ದರು. ಕಡೆಗೊಂದು ದಿನ ಹೊಸ ಪುಸ್ತಕದ ಕಟ್ಟು ಬಂದಾಗ, ಅವರು ಮೊದಲು ಓದುತ್ತಿರಲಿಲ್ಲ. ಮೂಗಿಗೆ ಹಿಡಿದು ಮೂಸುತ್ತಿದ್ದರು.

ಪ್ರತಿ ವರ್ಷವೂ ಮೇಲಿನಿಂದ ಬರುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ಪ್ರತಿ ಬೇಕು? ನಾವು ಮಕ್ಕಳ ತಲೆಯೆಣಿಸಿ ಅಂಕಿ ಬರೆದು ಕಳುಹಿಸುತ್ತಿದ್ದೆವು. ಅಂಕಿ ಕುಗ್ಗಿದಂತೆ ಮುದ್ರಣ ಕುಗ್ಗುವುದು, ಮುದ್ರಣ ಕುಗ್ಗಿದಂತೆ ಪುಸ್ತಕ ತಡವಾಗುವುದು, ಪುಸ್ತಕ ತಡವಾದುದನ್ನು ಕಂಡ ತಂದೆತಾಯಿಗಳು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸುವುದು, ಅಂಕಿ ಮತ್ತೆ ಕುಗ್ಗುವುದು. ಈ ಚಕ್ರವನ್ನು ಮುರಿಯುವ ಶಕ್ತಿ ಒಬ್ಬ ಮುಖ್ಯೋಪಾಧ್ಯಾಯನ ಲೇಖನಿಗೆ ಇರಲಿಲ್ಲ.

ನಾಟಿಂಗ್‌ಹ್ಯಾಮ್‌ನ ಆಟಗಾರರೂ ಇಂಥದೇ ಲೆಕ್ಕದ ಎದುರು ನಿಂತಿದ್ದವರು. ಕೇಳುವವರಿಲ್ಲದ ಆಟವನ್ನು ಯಾವ ಕಂಪನಿಯೂ ಇಪ್ಪತ್ತೈದು ವರ್ಷಗಳ ಮೇಲೆ ಮತ್ತೆ ಅಚ್ಚು ಹಾಕುವುದಿಲ್ಲ. ಪೆಟ್ಟಿಗೆ ಅಂಗಡಿಯಲ್ಲಿಲ್ಲದ ಕಾಲದಲ್ಲಿ ಅದನ್ನು ಉಳಿಸಿದವರು ಹರಿದ ರಟ್ಟಿಗೆ ಕಾಗದ ಅಂಟಿಸಿದವರು, ಮಕ್ಕಳಿಗೆ ನಿಯಮ ಕಲಿಸಿದವರು, ಮತ್ತೆ ಯಾವಾಗ ಎಂದು ಬಿಡದೆ ಕೇಳಿದವರು. ಅವರ ಕಾಯುವಿಕೆ ಸುಮ್ಮನೆ ಕುಳಿತು ಕಾಯುವ ಕಾಯುವಿಕೆಯಾಗಿರಲಿಲ್ಲ; ದಿನವೂ ಕೈಗೆ ಕೆಲಸ ಕೊಟ್ಟ ಕಾಯುವಿಕೆ.

ನಮ್ಮ ನಾಡಿನಲ್ಲಿಯೂ ಹೀಗೆ ಮರಳಿ ಬಂದ ಮಣೆಗಳಿವೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಅಪಾರ ಆಸಕ್ತಿಯಿದ್ದ ಅರಸರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಆಟಗಳಿಗೇ ಎಡೆ ಕೊಟ್ಟರು. ನಮ್ಮ ಕಾಲದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳ ಮೂಲಕ ಪಗಡೆ, ಚೌಕಾಬಾರ, ಅಳಗುಳಿಮಣೆ, ಆಡು-ಹುಲಿಗಳನ್ನು ಕುಶಲಕರ್ಮಿಗಳ ಕೈಯಲ್ಲಿ ಹೊಸದಾಗಿ ಮಾಡಿಸಿ ಜನರ ಮುಂದಿಟ್ಟರು. ಮಣೆ ಸಿದ್ಧವಾಗಿದೆ. ಆಡಬಲ್ಲ ಕೈಗಳು ಮನೆಯಲ್ಲಿ ಇರಬೇಕಷ್ಟೆ.

ಈ ಸಮ್ಮೇಳನದ ಸಂದರ್ಭದಲ್ಲಿ ಹಿರಿಯರೂ ಕಾರ್ಯಕರ್ತರೂ ಆದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಪುಸ್ತಕ ಮಳಿಗೆಯ ಬದಿಯಲ್ಲಿ ಒಂದು ದಪ್ಪ ನೋಟುಪುಸ್ತಕ ಇಡೋಣ. ಈಗ ಎಲ್ಲಿಯೂ ದೊರೆಯದ ಯಾವ ಕನ್ನಡ ಪುಸ್ತಕ ಮತ್ತೆ ಬೇಕು, ತಮ್ಮ ಮನೆಗೆ ಎಷ್ಟು ಪ್ರತಿ ಬೇಕು ಎಂಬುದನ್ನು ಪ್ರತಿಯೊಂದು ಕುಟುಂಬವೂ ಹೆಸರು ಸಹಿತ ಬರೆಯಲಿ. ಮುದ್ರಕರಿಗೂ ಪ್ರಕಾಶಕರಿಗೂ ನಮ್ಮ ಅಭಿಮಾನದ ಭಾಷಣಕ್ಕಿಂತ ಆ ಅಂಕಿಯೇ ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿಯವರೆಗೆ, ಮನೆಯಲ್ಲಿರುವ ಹರಿದ ಪ್ರತಿಗೆ ಅಂಟು ಹಚ್ಚಿ ಮಕ್ಕಳ ಎದುರು ಕುಳಿತು ಗಟ್ಟಿಯಾಗಿ ಓದೋಣ.

ಮಳಿಗೆಯ ಪಕ್ಕದ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಆಡು-ಹುಲಿಯ ಮನೆ ಬರೆಯುವ ಕೆಲಸ ನಮಗಿರಲಿ. ಹದಿನೈದು ಹುಣಸೆಬೀಜ, ಮೂರು ಬೆಣಚುಕಲ್ಲು ನಾವೇ ತರುತ್ತೇವೆ. ಎದುರು ಕೂರುವ ಮಕ್ಕಳನ್ನು ತಾವು ಕರೆತನ್ನಿ.