21 ದಿನ ಎಲ್ಲಿ ಬರೆದಿದೆ?

ಸೈಕ್ಲಿಕ್ ನ್ಯೂಟ್ರೋಪೀನಿಯಾ ಇರುವವರ ರಕ್ತದ ಗ್ರಾಫ್ ಎಷ್ಟು ಸಲ ನೋಡಿದರೂ ಬೆರಗು ಕರಗುವುದಿಲ್ಲ. ಸೋಂಕಿನ ವಿರುದ್ಧ ಮೊದಲು ಧಾವಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣ, ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1,500ಕ್ಕಿಂತ ಹೆಚ್ಚಿರುತ್ತದೆ. ಈ ರೋಗಿಗಳಲ್ಲಿ 200ಕ್ಕಿಂತ ಕೆಳಗೆ ಬೀಳುತ್ತದೆ, ಮೂರರಿಂದ ಆರು ದಿನ ಅಲ್ಲೇ ಇದ್ದು ಮತ್ತೆ ಏರುತ್ತದೆ. ಬಿದ್ದಾಗ ಜ್ವರ, ಬಾಯಿಹುಣ್ಣು, ವಸಡಿನ ಊತ, ಕುರು. ಹೆಚ್ಚುಕಡಿಮೆ 21 ದಿನಕ್ಕೊಮ್ಮೆ ಇದೇ ಪಾಡು. ಮತ್ತೆಮತ್ತೆ ಕುರು ಏಳುತ್ತಿದ್ದ ಶಿಶುವೊಂದರ ವರದಿ 1910ರಲ್ಲೇ ಅಚ್ಚಾಗಿದೆ.

ಈ 21 ಎಲ್ಲಿಂದ ಬಂತು? ರೋಗ ಗಂಡಸರಲ್ಲೂ ಇದೆ, ಎಳೆಗೂಸುಗಳಲ್ಲೂ ಇದೆ. ಹಾಗಾಗಿ ಮುಟ್ಟಿನ ಚಕ್ರಕ್ಕೂ ಇದಕ್ಕೂ ನಂಟಿಲ್ಲ. ನ್ಯೂಟ್ರೋಫಿಲ್ ರಕ್ತದಲ್ಲಿ ತಿರುಗಾಡುವುದು ಕೆಲವೇ ಗಂಟೆ. ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಒಡೆದು, ಬಲಿತು ಹೊರಬರಲು ಸುಮಾರು ಎರಡು ವಾರ. ಎರಡನ್ನೂ ಕೂಡಿಸಿದರೂ 21 ಆಗುವುದಿಲ್ಲ.

ನಾಯಿಗಳಲ್ಲೂ ಉಂಟು! ಬೂದು ಬಣ್ಣದ ಕಾಲಿ ತಳಿಯ ಮರಿಗಳಲ್ಲಿ ಇದೇ ಏರಿಳಿತ, ಆದರೆ ಅವುಗಳ ಸುತ್ತು ಎರಡು ವಾರದ ಆಸುಪಾಸು. ಆರೋಗ್ಯವಂತ ನಾಯಿಯ ಮಜ್ಜೆ ಕೊಟ್ಟರೆ ಸುತ್ತು ನಿಲ್ಲುತ್ತದೆ, ಕಾಯಿಲೆ ನಾಯಿಯ ಮಜ್ಜೆಯನ್ನು ಆರೋಗ್ಯವಂತ ನಾಯಿಗೆ ಕೊಟ್ಟರೆ ಸುತ್ತು ಶುರುವಾಗುತ್ತದೆ. ಮನುಷ್ಯರಲ್ಲೂ ಇಂಥದ್ದು ನಡೆದದ್ದು 1982ರಲ್ಲಿ ವರದಿಯಾಯಿತು: ಲ್ಯುಕೇಮಿಯಾ ರೋಗಿಗೆ ಒಡಹುಟ್ಟಿದವರ ಮಜ್ಜೆ ಹಾಕಿದರು, ಅದರ ಜೊತೆಗೇ ಅವರ ಏರಿಳಿತವೂ ಬಂತು. ಅಂದರೆ ತಾಳ ಇರುವುದು ಮಜ್ಜೆಯಲ್ಲೇ.

ಗಮನಿಸಬೇಕಾದದ್ದು: ಹಲವರಲ್ಲಿ ಪ್ಲೇಟ್‌ಲೆಟ್‌ಗಳೂ ಎಳೆಯ ಕೆಂಪು ಕಣಗಳೂ ಅದೇ ಅವಧಿಯಲ್ಲಿ ಏರಿಳಿಯುತ್ತವೆ. ನ್ಯೂಟ್ರೋಫಿಲ್ ಇಳಿದಾಗ ಮಾನೊಸೈಟ್ ಎಂಬ ಇನ್ನೊಂದು ಬಿಳಿ ಕಣ ಏರುತ್ತದೆ. ಒಂದೇ ಬಗೆಯ ಕಣದ ರೋಗವೆಂದು ಇದನ್ನು ಕರೆಯಲು ಮನಸ್ಸು ಒಪ್ಪುತ್ತಿಲ್ಲ.

1999ರಲ್ಲಿ ಈ ರೋಗದ ಜೀನ್ ಸಿಕ್ಕಿತು, ಈಗಿನ ಹೆಸರು ಇಲೇನ್. ನ್ಯೂಟ್ರೋಫಿಲ್ ತನ್ನೊಳಗೆ ಇಟ್ಟುಕೊಳ್ಳುವ ಎಲಾಸ್ಟೇಸ್ ಎಂಬ ಕಿಣ್ವದ ಜೀನ್ ಇದು. ಅದರಲ್ಲಿ ಒಂದಕ್ಷರ ತಪ್ಪಿದರೂ ಕಿಣ್ವದ ಮಡಿಕೆ ಕೆಡಬಹುದು, ಎಳೆಯ ಕಣಗಳು ಬಲಿಯುವ ಮುನ್ನವೇ ಸಾಯುತ್ತವೆ. ಕಣಗಳು ಕಡಿಮೆಯಾಗುವುದು ಇದರಿಂದ ಅರ್ಥವಾಯಿತು. ಆದರೆ ಈ ಜೀನ್‌ನ ಉದ್ದಕ್ಕೂ ಎಲ್ಲಿ ಹುಡುಕಿದರೂ ದಿನದ ಲೆಕ್ಕವಿಲ್ಲ.

ಲೆಕ್ಕ ಬಂದದ್ದು ಬೇರೆ ದಿಕ್ಕಿನಿಂದ, ಜೀನ್ ಸಿಗುವುದಕ್ಕೂ 22 ವರ್ಷ ಮೊದಲು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮ್ಯಾಕಿ ಮತ್ತು ಲಿಯಾನ್ ಗ್ಲಾಸ್ 1977ರಲ್ಲಿ ಪುಟ್ಟ ಸಮೀಕರಣವೊಂದನ್ನು ಪ್ರಕಟಿಸಿದರು. ರಕ್ತದಲ್ಲಿ ಕಣ ಕಡಿಮೆಯಾದರೆ ಮಜ್ಜೆ ಹೆಚ್ಚು ಮಾಡುತ್ತದೆ, ಹೆಚ್ಚಾದರೆ ತಗ್ಗಿಸುತ್ತದೆ. ಆದರೆ ಇಂದಿನ ಕೊರತೆಗೆ ಹೊರಟ ಕಣ ರಕ್ತ ಸೇರುವುದು ಎಷ್ಟೋ ದಿನದ ಮೇಲೆ. ಕಾಲುವೆಯ ಕೊನೆಭಾಗದ ರೈತರು ನೀರಿಲ್ಲವೆಂದು ಕೂಗಿದಾಗ ಅಣೆಕಟ್ಟೆಯ ಗೇಟು ಎತ್ತುತ್ತಾರೆ. ನೀರು ಬರಲು ದಿನಗಳು ಹಿಡಿಯುತ್ತವೆ, ಅಷ್ಟರೊಳಗೆ ಗೇಟು ಇನ್ನೂ ಎತ್ತಿರುತ್ತಾರೆ. ನೀರು ಬಂದಾಗ ಗದ್ದೆ ಮುಳುಗುತ್ತದೆ, ಗೇಟು ಮುಚ್ಚುತ್ತಾರೆ, ಮತ್ತೆ ಬರ. ಸಮೀಕರಣದಲ್ಲೂ ಹೀಗೆಯೇ. ವಿಳಂಬ ಚಿಕ್ಕದಿದ್ದರೆ ಸಂಖ್ಯೆ ಸ್ಥಿರ, ಬೆಳೆಸುತ್ತ ಹೋದರೆ ಲಯಬದ್ಧ ಏರಿಳಿತ, ಇನ್ನೂ ಬೆಳೆಸಿದರೆ ಲಯವೇ ಇಲ್ಲದ ಗೊಂದಲ. ಮ್ಯಾಕಿ ಮತ್ತು ಸಂಗಡಿಗರ ಮುಂದಿನ ಮಾದರಿಗಳಲ್ಲಿ ಎಳೆಯ ಕಣಗಳ ಸಾವು ಹೆಚ್ಚಿಸಿದರೂ ಸ್ಥಿರತೆ ಕದಡಿ ಸುತ್ತು ಹುಟ್ಟುತ್ತದೆ. ಹಾಗಾದರೆ 21ನ್ನು ಯಾವ ಅಣುವೂ ಎಣಿಸುತ್ತಿಲ್ಲ. ಸಾವಿನ ಪ್ರಮಾಣ, ವಿಳಂಬ, ಮಜ್ಜೆಯ ಮರುಉತ್ತರ, ಈ ಮೂರರ ನಡುವಿನ ಸಂಬಂಧದಲ್ಲಿ ಅದು ಇದೆ. ಬಿಡಿ ಅಣುಗಳಿಗಿಂತ ಭಾಗಗಳ ನಡುವಿನ ಸಂಬಂಧವನ್ನು ನೋಡುವ ಸಿಸ್ಟಮ್ಸ್ ಬಯಾಲಜಿ ಏಕೆ ಬೇಕು ಎಂದು ಕೇಳುವವರಿಗೆ ನಾನು ತೋರಿಸುವುದು ಈ ರೋಗವನ್ನೇ.

ನನ್ನನ್ನು ಪೂರ್ತಿ ಒಪ್ಪಿಸಿದ್ದು ಔಷಧದ ಕಥೆ. ಜಿ-ಸಿಎಸ್‌ಎಫ್ ಎಂದರೆ ನ್ಯೂಟ್ರೋಫಿಲ್ ಮಾಡೆಂದು ಮಜ್ಜೆಗೆ ದೇಹವೇ ಕಳಿಸುವ ಸಂದೇಶ. ಅದನ್ನೇ ಚುಚ್ಚುಮದ್ದಾಗಿ ಕೊಟ್ಟು 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಏರಿಳಿತ ನಿಲ್ಲಲಿಲ್ಲ. ಆದರೆ ಸುತ್ತು 21ರಿಂದ 14 ದಿನಕ್ಕೆ ಇಳಿಯಿತು, ತಳ ಮೇಲೆದ್ದಿತು, ಜ್ವರ ಮತ್ತು ಹುಣ್ಣು ತಗ್ಗಿದವು. ಈ ಔಷಧ ಕಣಗಳ ಸಾವನ್ನು ತಡೆಯುತ್ತದೆ, ಬಲಿಯುವ ಕಾಲವನ್ನೂ ಮೊಟಕು ಮಾಡುತ್ತದೆ. ವಿಳಂಬ ಬದಲಾದಾಗ ಲಯವೂ ಬದಲಾಯಿತು.

ಪತ್ತೆಯ ಕಷ್ಟವನ್ನೂ ಬರೆದಿಡಬೇಕು. ಒಂದೇ ಒಂದು ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟಿನಲ್ಲಿ ಇದು ಕಾಣದೇ ಹೋಗಬಹುದು, ಮಗುವನ್ನು ಕರೆತರುವಷ್ಟರಲ್ಲಿ ಸಂಖ್ಯೆ ಏರಿರಬಹುದು. ವಾರಕ್ಕೆ ಎರಡು ಮೂರು ಸಲದಂತೆ ಆರು ವಾರ ರಕ್ತ ತೆಗೆದು ನೋಡಬೇಕು. ಪುಟ್ಟ ಮಗುವಿನ ತೋಳಿಗೆ ಅಷ್ಟು ಚುಚ್ಚುವುದು ತಂದೆತಾಯಿಗೆ ಸಂಕಟವೇ, ಆದರೂ ಕಾಲದೊಂದಿಗೆ ನೋಡದೆ ಈ ರೋಗ ಕಣ್ಣಿಗೆ ಬೀಳುವುದಿಲ್ಲ.

ಒಂದು ಗಂಟು ಮಾತ್ರ ಬಿಡಿಸಿಕೊಳ್ಳುತ್ತಿಲ್ಲ. ಇದೇ ಇಲೇನ್ ಜೀನ್ ಕೆಟ್ಟು ಬರುವ ಇನ್ನೊಂದು ರೋಗದಲ್ಲಿ ನ್ಯೂಟ್ರೋಫಿಲ್ ಹುಟ್ಟಿನಿಂದಲೇ ಕೆಳಗೆ, ಸುತ್ತೂ ಇಲ್ಲ ಬಿಡುವೂ ಇಲ್ಲ. ಅದೇ ಅಕ್ಷರದೋಷ ಒಬ್ಬರಲ್ಲಿ ಏರಿಳಿತವಾಗಿ, ಇನ್ನೊಬ್ಬರಲ್ಲಿ ನಿರಂತರ ಕೊರತೆಯಾಗಿ ಕಂಡ ನಿದರ್ಶನಗಳಿವೆ. ಆ ಇಬ್ಬರ ಮಜ್ಜೆಯಲ್ಲಿ ಸಾವಿನ ಪ್ರಮಾಣ ಬೇರೆಯೋ, ಮರುಉತ್ತರದ ಬಲ ಬೇರೆಯೋ? ಇಬ್ಬರ ಮಜ್ಜೆಯನ್ನೂ ದಿನದಿನ ಅಳೆದು ಅದೇ ಸಮೀಕರಣಕ್ಕೆ ಹಾಕಿ ನೋಡಬೇಕು.