ಚೀನಾಕ್ಕೆ ಹೊರಟಿರಾ? ಮೊದಲು ಕುದುರೆ ಹತ್ತಿ!

ಪಿಯುಸಿ ಬಿಟ್ಟ ಹುಡುಗನಿಗೆ ನಮ್ಮ ಕುಣಿಗಲ್‌ನಲ್ಲಿ ಸಿಗೋ ಸಲಹೆ ಒಂದೇ: ‘ಬೆಂಗಳೂರಿಗೆ ಹೋಗು.’ ನನಗೋ ಚೀನಾಕ್ಕೇ ಹೋಗೋ ಹುಚ್ಚು! ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ (1973) ನೋಡಿದವನ ಕಣ್ಣಿಗೆ ಬೇರೆ ಊರು ಕಂಡೀತೇ?

ಗೆಳೆಯರೇ, ಈ ಹುಚ್ಚು ನಮಗೊಬ್ಬರಿಗೇ ಅಲ್ಲ. 1982ರಲ್ಲಿ ಜೆಟ್ ಲಿಯ ‘ಶಾವೊಲಿನ್ ಟೆಂಪಲ್’ ತೆರೆಗೆ ಬಂದಾಗ, ಚೀನಾದ ಹುಡುಗರೇ ಮನೆ ಬಿಟ್ಟು ಹೆನಾನ್ ಪ್ರಾಂತ್ಯದ ಆ ಮಠದ ಹಾದಿ ಹಿಡಿದರು. ಇಂದು ಅದರ ಸುತ್ತ ಸಾವಿರಾರು ಮಕ್ಕಳು ಕಲಿಯುವ ಶಾಲೆಗಳಿವೆ. ಹೊರದೇಶದವರೂ ಫೀಸು ಕಟ್ಟಿ ಕಲಿಯುತ್ತಾರೆ.

ಅಲ್ಲಿ ಮೊದಮೊದಲ ಪಾಠ ಏನು ಗೊತ್ತೇ? ಹಾರೋದಲ್ಲ, ಒದೆಯೋದಲ್ಲ... ಸುಮ್ಮನೆ ನಿಲ್ಲೋದು! ‘ಮಾ ಬು’, ಅಂದರೆ ಕುದುರೆ ನಿಲುವು. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಕಾಣದ ಕುದುರೆ ಮೇಲೆ ಕೂತ ಹಾಗೆ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರಿನವನಲ್ಲವೇ, ನಾನೂ ನಿಂತು ನೋಡಿದೆ. ಎರಡನೇ ನಿಮಿಷಕ್ಕೆ ತೊಡೆ ಗಡಗಡ!

ಜಾಕಿ ಚಾನ್ ಚಿಕ್ಕ ಹುಡುಗನಾಗಿದ್ದಾಗಲೇ ಹಾಂಗ್‌ಕಾಂಗಿನ ಪೀಕಿಂಗ್ ಅಪೆರಾ ಶಾಲೆ ಸೇರಿ, ಗುರು ಯು ಜಿಮ್-ಯುಯೆನ್ ಕೈಕೆಳಗೆ ಸುಮಾರು ಹತ್ತು ವರ್ಷ ಬೆವರು ಸುರಿಸಿದ. ‘ದಿ ಮಿತ್’ (2005) ಚಿತ್ರಕ್ಕೆ ನಮ್ಮ ಹಂಪಿಯಲ್ಲಿ ಅವನು ತೋರಿಸಿದ ಚಳಕ ಆ ಬೆವರಿನ ಬಡ್ಡಿ!

‘ಓಲೆ ಅಡ ಇಟ್ಟು ಟಿಕೆಟ್ ತೆಗೆಸಿಕೊಡ್ತೀನಿ ಕಣೋ. ಆದ್ರೆ ಹೋಗಿ ಎಷ್ಟು ದಿನ ನಿಲ್ತೀಯ?’ ಅಂದಳು ಅಮ್ಮ. ಪಾಸ್‌ಪೋರ್ಟಿಗಿಂತ ದೊಡ್ಡ ಪ್ರಶ್ನೆ ಅದು. ಈಗ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ನಿಲ್ತೀನಿ. ಹತ್ತು ನಿಮಿಷಕ್ಕೆ ಬಂದಿದ್ದೇನೆ. ಅಮ್ಮನ ಓಲೆ ಅವಳ ಕಿವಿಯಲ್ಲೇ ಇರಲಿ, ದುಡ್ಡನ್ನು ಬರೆದೇ ಕೂಡಿಸ್ತೀನಿ.

ನೀವೂ ಹೊರಟಿದ್ದರೆ ಬ್ಯಾಗ್ ಕಟ್ಟೋ ಮುಂಚೆ ಒಂದು ಸಲ ನಿಂತು ನೋಡಿ ಗುರುವೇ!