ಪಕ್ಕದ ಮನೆಯ ಮಗ್ಗ

ಸಂಗೀತ ಕೇಳಲೆಂದು ಮನೆಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೇನೆ. ಕೇಳಿದವರಿಗೆಲ್ಲ ಹಾಗೇ ಹೇಳುತ್ತೇನೆ. ಹೇಳುವಾಗ ಅದು ಪೂರ್ತಿ ನಿಜವಲ್ಲ ಅನ್ನಿಸುತ್ತದೆ, ಸುಳ್ಳೂ ಅಲ್ಲ. ಮಲ್ಲಿಕಾರ್ಜುನ ಮನ್ಸೂರರ ಹಾಡುಗಾರಿಕೆ, ದೊರೆಸ್ವಾಮಿ ಅಯ್ಯಂಗಾರರ ವೀಣೆ ನನಗೆ ಎಳೆಯ ವಯಸ್ಸಿನಿಂದಲೂ ಬೇಕಾದವು. ಆದರೆ ಆ ಕೋಣೆಗೆ ಸುರಿದ ದುಡ್ಡು, ನಿದ್ದೆಗೆಟ್ಟ ರಾತ್ರಿಗಳು, ಎಲ್ಲವೂ ಮನ್ಸೂರರಿಗಾಗಿ ಎಂದರೆ ನನಗೇ ನಂಬಿಕೆ ಬರುವುದಿಲ್ಲ.

ನಾನಿರುವುದು ಆನೇಕಲ್ ಪೇಟೆಯಲ್ಲಿ. ಕೆಲಸ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ, ಡೀಸೆಲ್ ಜನರೇಟರುಗಳಿಗೆ ಕವಚ ಕಟ್ಟುವ ಒಂದು ಘಟಕದಲ್ಲಿ. ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ದಾಟಬಾರದೆಂಬ ನಿಯಮವಿದೆ. ಅದರೊಳಗೆ ತರುವುದು ನಮ್ಮ ಹೊಣೆ. ಉಕ್ಕಿನ ತಗಡು ಸದ್ದನ್ನು ತಡೆಯುತ್ತದೆ, ಒಳಗೆ ಹಾಸಿದ ರಾಕ್‌ವೂಲ್ ಅದನ್ನು ಹೀರಿಕೊಳ್ಳುತ್ತದೆ. ತಡೆಯುವುದು ಬೇರೆ, ಹೀರುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದ ಮನುಷ್ಯ ನಾನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದಕ್ಕೆ ಅರಿಯದೆ ಮಾಡಿದೆ ಎಂಬ ನೆಪ ನನಗಿಲ್ಲ.

ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಗಾರೆಯ ಗೋಡೆ, ಟೈಲ್ಸ್ ನೆಲ, ಆರ್‌ಸಿಸಿ ತಾರಸಿ. ಸಾಮಾನು ತೆಗೆಸಿ ಚಪ್ಪಾಳೆ ತಟ್ಟಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಟರ್ರೆಂದು ಓಡಾಡಿ ಸುಮಾರು ಎರಡು ಸೆಕೆಂಡ್ ಉಳಿಯುತ್ತಿತ್ತು. ಅಷ್ಟು ಸಣ್ಣ ಜಾಗದಲ್ಲಿ ಅದು ಅರ್ಧ ಸೆಕೆಂಡಿಗಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ತಾನದ ಒಂದು ಸ್ವರ ಇನ್ನೊಂದರ ಮೇಲೆ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು ಮಂದ್ರದ ಕಾಟ. ಸದ್ದು ಸೆಕೆಂಡಿಗೆ 343 ಮೀಟರ್ ಹೋಗುತ್ತದೆ; 10 ಅಡಿಯ ಎರಡು ಗೋಡೆಗಳ ನಡುವೆ ಸಿಕ್ಕ 56 ಹರ್ಟ್ಸ್ ಅಲೆ ಅಲ್ಲೇ ನಿಂತುಬಿಡುತ್ತದೆ. ನಮ್ಮಲ್ಲಿ ಅಗಲವೂ ಎತ್ತರವೂ ಒಂದೇ ಆದ್ದರಿಂದ ಅದು ಎರಡು ಪಟ್ಟು ಉಬ್ಬುತ್ತದೆ. ಡಗ್ಗಾದ ಕೆಲವು ಗುಮುಕುಗಳು ಕೋಣೆ ತುಂಬುತ್ತವೆ, ಕೆಲವು ಕೂತ ಜಾಗಕ್ಕೆ ಬರುವುದೇ ಇಲ್ಲ. ಅಂಗಡಿಯಲ್ಲಿ ಸಿಗುವ ಒಂದಿಂಚಿನ ಫೋಮ್ ಇದಕ್ಕೆ ಏನೂ ಮಾಡಲಾರದು, ಮೊಟ್ಟೆಯ ಟ್ರೇಗಳಂತೂ ಇಲ್ಲವೇ ಇಲ್ಲ. ನಾಲ್ಕಿಂಚು ದಪ್ಪದ ರಾಕ್‌ವೂಲನ್ನು ಮರದ ಚೌಕಟ್ಟಿಗೆ ತುಂಬಿ, ಬಟ್ಟೆ ಹೊದಿಸಿ, ಗೋಡೆಯಿಂದ ಸ್ವಲ್ಪ ದೂರಕ್ಕೆ ತೂಗುಹಾಕಿದೆ. ಕೂತ ಜಾಗದಿಂದ ನೋಡುತ್ತ, ಪಕ್ಕದ ಗೋಡೆಯ ಮೇಲೆ ಮಗನ ಕೈಯಲ್ಲಿ ಕನ್ನಡಿ ಸರಿಸಿಸಿ, ಸ್ಪೀಕರ್ ಕಾಣಿಸಿದ ಕಡೆ ಒಂದೊಂದು. ಮೂಲೆಗಳಲ್ಲಿ ನೆಲದಿಂದ ತಾರಸಿಯವರೆಗೆ ಇನ್ನೂ ದಪ್ಪ. ವೀಣೆಯ ಮೀಟು ಬಿಡಿಸಿಟ್ಟಂತೆ ಕೇಳತೊಡಗಿತು. ಆ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ಕಿಟಕಿಗೆ ಎರಡು ಪದರದ ಗಾಜು ಹಾಕಿಸಿದೆ, ಬಾಗಿಲಿಗೆ ರಬ್ಬರ್ ಪಟ್ಟಿ ಹೊಡೆಸಿದೆ. ಅದೂ ಸಂಗೀತಕ್ಕೇ ಎಂದು ಮನೆಯಲ್ಲಿ ಹೇಳಿದೆ.

ಪಕ್ಕದ ಮನೆಯಲ್ಲಿ ಮಗ್ಗಗಳಿವೆ. ಆನೇಕಲ್‌ನಲ್ಲಿ ಇದು ಹೊಸದಲ್ಲ. ರೇಷ್ಮೆ ಸೀರೆ ನೇಯುವ ಮನೆಗಳು ಎಷ್ಟೋ ಬೀದಿಗಳಲ್ಲಿವೆ. ಹೊತ್ತು ಮೂಡುವ ಮೊದಲೇ ಸ್ವಿಚ್ ಹಾಕಿದರೆ ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದು ರಾತ್ರಿ ಊಟದ ಹೊತ್ತಿನವರೆಗೂ. ನಾವು ಮನೆ ಕೊಳ್ಳುವ ಮೊದಲಿಂದಲೂ ಆ ಮಗ್ಗ ಅಲ್ಲಿದೆ. ಗೊತ್ತಿದ್ದೇ ಕೊಂಡದ್ದು, ಬೆಲೆ ಕಡಿಮೆಗೆ ಸಿಕ್ಕಿದ್ದು ಬಹುಶಃ ಅದರಿಂದಲೇ.

ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಕೆಲಸದ ಮೀಟರನ್ನು ಒಂದು ದಿನ ಮನೆಗೆ ತಂದು ನಮ್ಮ ಗೇಟಿನ ಹತ್ತಿರ ಹಿಡಿದೆ. ಬಂದ ಅಂಕಿಯನ್ನು ಬರೆದಿಟ್ಟುಕೊಂಡೆ. ಯಾಕೆ ಬರೆದಿಟ್ಟೆ? ಕೋಣೆಯ ಲೆಕ್ಕಕ್ಕೆ ಬೇಕಿತ್ತು ಎಂದು ಆಗ ಅಂದುಕೊಂಡೆ. ಕೋಣೆಯ ಲೆಕ್ಕಕ್ಕೆ ಗೇಟಿನ ಅಂಕಿ ಬೇಕಾಗಿರಲಿಲ್ಲ. ಎಂದಾದರೂ ದೂರು ಕೊಡುವ ಮನಸ್ಸಾದರೆ ಕೈಯಲ್ಲಿರಲಿ ಎಂದೇ ಬರೆದದ್ದು. ದೂರು ಕೊಡಲಿಲ್ಲ. ಕರುಣೆಯಿಂದ ಅಂತ ಹೇಳಿಕೊಳ್ಳಬಹುದು, ಸ್ವಲ್ಪ ಮಟ್ಟಿಗೆ ಅದೂ ಇದ್ದೀತು. ಆದರೆ ಬೀದಿಯಲ್ಲಿ ಕೆಟ್ಟವನಾಗಬಾರದು ಎಂಬ ಅಳುಕೇ ಹೆಚ್ಚಾಗಿತ್ತು. ನಾನು ತಡರಾತ್ರಿ ಹಾಕುವ ಹಾಡು ಅವರ ಗೋಡೆಗೂ ಹೋಗುತ್ತದೆ, ಮಂದ್ರವನ್ನು ನನ್ನ ಯಾವ ಚೌಕಟ್ಟೂ ತಡೆಯುವುದಿಲ್ಲ. ಅವರು ಒಂದು ಮಾತೂ ಆಡಿದವರಲ್ಲ.

ಒಮ್ಮೆ ಮಗ್ಗ ನಿಂತಿತು. ಮೊದಲ ದಿನ ಕರೆಂಟ್ ಇರಲಿಕ್ಕಿಲ್ಲ ಅಂದುಕೊಂಡೆ. ಮರುದಿನವೂ ಸದ್ದಿಲ್ಲ. ಹಗಲು ಹೊತ್ತಿನಲ್ಲೇ ಕಿಟಕಿ ತೆಗೆದು ಮನ್ಸೂರರನ್ನು ಕೇಳಿದೆ, ತಂಬೂರಿ ಶ್ರುತಿಯ ಕೊನೆಯ ಎಳೆಯವರೆಗೂ ಕಿವಿಗೆ ಸಿಕ್ಕಿತು. ಇಷ್ಟು ಚೆನ್ನಾಗಿ ಎಂದೂ ಕೇಳಿಸಿರಲಿಲ್ಲ. ಆ ವಾರ ಆ ಮನೆಯ ಅಕ್ಕ ನಲ್ಲಿ ಹತ್ತಿರ ಸಿಕ್ಕಾಗ ಅವರೇ ಹೇಳಿದರು, “ಕೆಲ್ಸ ಇಲ್ಲ ಸಾರ್. ರೇಷ್ಮೆ ರೇಟ್ ಜಾಸ್ತಿ ಆಯ್ತು ಅಂತ ಸಾವ್ಕಾರ್ರು ನೂಲು ಕೊಡ್ತಿಲ್ಲ.” ಛೆ ಅಂದೆ. ನಿಜವಾಗಿ ಬೇಸರವೂ ಆಯಿತು. ಆದರೆ ಆ ಬೇಸರದ ಜೊತೆಗೇ, ಹಾಗಾದರೆ ಇನ್ನೂ ಕೆಲವು ದಿನ ಸದ್ದಿರುವುದಿಲ್ಲ ಎಂಬ ಲೆಕ್ಕವೂ ತಲೆಯಲ್ಲಿ ಓಡಿತು. ಯಾವುದು ಮೊದಲು ಬಂತೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಬೇಸರವೇ ಮೊದಲು ಬಂದಿದ್ದರೆ ಚೆನ್ನಾಗಿತ್ತು. ಹಾಗೆಂದು ಹೇಳುವ ಧೈರ್ಯ ಬರುವುದಿಲ್ಲ. ಆ ರಾತ್ರಿಯೇ ಹೆಂಡತಿ ಮಗನನ್ನು ಹೊರಗೆ ಕೂರಿಸಿ ಮೈಕ್ ಇಟ್ಟು ಕೋಣೆಯನ್ನು ಅಳೆದೆ. ಇಂಥ ನಿಶ್ಶಬ್ದ ಮತ್ತೆ ಸಿಗಲಿಕ್ಕಿಲ್ಲ ಅಂತ.

ಈ ವಿದ್ಯೆಗೆ ತಳಪಾಯ ಹಾಕಿದ ವಾಲೇಸ್ ಸಬೈನ್ ಕೂಡ ರಾತ್ರಿಗಳಲ್ಲೇ ಅಳೆದವರು. 1895ರಲ್ಲಿ ಹಾರ್ವರ್ಡ್‌ನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಸಭಾಂಗಣದಲ್ಲಿ ಮಾತು ತಿಳಿಯುತ್ತಿಲ್ಲ ಎಂದು ಅವರಿಗೆ ಕೆಲಸ ಒಪ್ಪಿಸಿದರು. ಹತ್ತಿರದ ರಂಗಮಂದಿರದ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಆರ್ಗನ್ ಕೊಳವೆ ಊದಿಸಿ, ಸದ್ದು ಎಷ್ಟು ಹೊತ್ತಿಗೆ ಅಡಗುತ್ತದೆಂದು ತಮ್ಮ ಕಿವಿಯಿಂದಲೇ ಗುರುತಿಸಿದರು. ಮನುಷ್ಯರೂ ಸದ್ದು ಹೀರುತ್ತಾರೆಂದು ಅವರನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅವರು ಕಾಯ್ದದ್ದೂ ನಾನು ಕಾಯ್ದದ್ದೂ ಒಂದೇ ನಿಶ್ಶಬ್ದಕ್ಕೆ. ಅವರ ಲೆಕ್ಕದಲ್ಲಿ ಕೂತು ಕೇಳುವವರು ನೂರಾರು ಮಂದಿ. ನನ್ನ ಲೆಕ್ಕದಲ್ಲಿ ಒಂದು ಕುರ್ಚಿ, ಎರಡೂ ಸ್ಪೀಕರುಗಳಿಗೆ ಸಮದೂರದಲ್ಲಿ. ಹೆಂಡತಿ ಬಂದರೆ ಪಕ್ಕದಲ್ಲಿ ಕೂರುತ್ತಾಳೆ, ಅಲ್ಲಿ ಒಂದು ಕಡೆಯ ಸ್ಪೀಕರೇ ಹೆಚ್ಚು ಕೇಳುತ್ತದೆ. ಒಬ್ಬನೇ ಕೂತು ಕೇಳುವುದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆದರೂ ನಾನು ಆರಿಸದ ಯಾವ ಸದ್ದೂ ಒಳಗೆ ಬರಬಾರದು ಎಂಬ ಹಟಕ್ಕೆ ಸಂಗೀತಪ್ರೇಮ ಎಂದು ಹೆಸರಿಟ್ಟುಕೊಂಡೆನೇ ಎಂಬ ಅನುಮಾನ ಹೋಗಿಲ್ಲ.

ಮಗ್ಗ ಮತ್ತೆ ಶುರುವಾದ ಮೇಲೆ ಒಂದು ಸಂಜೆ ನೇಕಾರ ಅಣ್ಣ ಮನೆಗೆ ಬಂದರು. ಕೋಣೆ ತೋರಿಸಿ ಆ ಕುರ್ಚಿಯಲ್ಲೇ ಕೂರಿಸಿ ವೀಣೆ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, ಬಲಗಿವಿಯನ್ನು ಮುಂದೆ ಮಾಡಿ, “ಇನ್ನೊಂಚೂರು ಜೋರಾಗಿ ಇಡಿ ಸಾರ್” ಅಂದರು. ಇಟ್ಟೆ. ಇನ್ನೂ ಜೋರು ಕೇಳಿದರು. ನನಗೆ ಅರ್ಥವಾಯಿತು. ಲಾಳಿ ಮಗ್ಗದ ಮುಂದೆ 90 ಡೆಸಿಬಲ್ ದಾಟುವುದು ಸಾಮಾನ್ಯ. ಅಂಥ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಮೊದಲು ಸೋಲುವುದು 4000 ಹರ್ಟ್ಸ್ ಆಸುಪಾಸಿನಲ್ಲಿ. ಮೀಟಿನ ಮೊನೆ ಅಲ್ಲೇ ಇರುವುದು, ನಾನು ಇಷ್ಟೆಲ್ಲ ಮಾಡಿ ಸ್ಪಷ್ಟಗೊಳಿಸಿದ್ದೂ ಅದನ್ನೇ. ಅವರು ಚೆನ್ನಾಗಿದೆ ಎಂದು ಎದ್ದುಹೋದರು.

ನಮ್ಮ ಘಟಕದಲ್ಲಿ ಪ್ರೆಸ್ ಹತ್ತಿರ ನಿಲ್ಲುವವರಿಗೆ ಕಿವಿಮುಚ್ಚಿಗೆ ಕೊಡುತ್ತೇವೆ. ಪಕ್ಕದ ಮನೆಗೂ ಮೂರು ಕೊಂಡು ಕೊಡಬೇಕೆಂದು ಅಂದೇ ಅನ್ನಿಸಿತು. ನನ್ನ ಒಂದು ಚೌಕಟ್ಟಿನ ಖರ್ಚೂ ಅದಕ್ಕೆ ಆಗುವುದಿಲ್ಲ. ಕೊಟ್ಟರೆ ಮಗ್ಗದ ಸದ್ದಿನ ಮೇಲೆ ದೂರು ಹೇಳಿದಂತೆ ಕೇಳಿಸೀತು ಎಂದು ಮುಂದೂಡಿದೆ. ಅದು ಸಂಕೋಚವೋ, ಗೇಟಿನಲ್ಲಿ ಬರೆದಿಟ್ಟ ಆ ಅಂಕಿ ನನ್ನ ಬಾಯಿ ಕಟ್ಟಿಹಾಕಿದೆಯೋ ತಿಳಿಯದು.

ಸದ್ದಿನಿಂದ ಬರುವ ಕಿವುಡನ್ನು 1948ರ ಕಾರ್ಖಾನೆ ಕಾಯಿದೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ವಿದ್ಯುತ್ತಿನಿಂದ ಯಂತ್ರ ನಡೆಸುವ ಕಡೆ ಅದು ಅನ್ವಯವಾಗಲು 10 ಮಂದಿ ಕೆಲಸಗಾರರು ಇರಬೇಕಿತ್ತು. ಪಕ್ಕದ ಮನೆಯಲ್ಲಿ ದುಡಿಯುವವರು ಗಂಡ, ಹೆಂಡತಿ, ಅವರ ಅಕ್ಕನ ಮಗ. ಅವರ ಕಿವಿಯ ಬಗ್ಗೆ ತಿಳಿದು ಹೇಳಬಲ್ಲವನು ಆ ಬೀದಿಯಲ್ಲಿ ನಾನೊಬ್ಬನೇ, ಇನ್ನೂ ಹೇಳಿಲ್ಲ.